ಕಾರಿನ ಹಲ್ಲು ಎಣಿಸುವುದು ಹೇಗೆ?

ಜಾನುವಾರು ಸಂತೆಗೆ ಹೋದ ರೈತ ಎತ್ತನ್ನು ಕಂಡು 'ಇದು ಹೊಸದೋ, ಹಳೆಯದೋ' ಎಂದು ಕೇಳುವುದಿಲ್ಲ. ಅದರ ತುಟಿ ಎತ್ತಿ ಹಲ್ಲು ನೋಡುತ್ತಾನೆ. ಎರಡು ಹಲ್ಲಾಗಿದ್ದರೆ ಇನ್ನೂ ಎಳೆಯ ಹೋರಿ. ನಾಲ್ಕೋ ಆರೋ ಆಗಿದ್ದರೆ ನೊಗಕ್ಕೆ ಹದವಾದದ್ದು. ಎಂಟೂ ಹಲ್ಲು ಬಂದು ಬಾಯಿ ಕೂಡಿದ್ದರೆ ಪೂರ್ಣ ವಯಸ್ಸಿನದು. ಹಲ್ಲು ಸವೆದಿದ್ದರೆ ಬೆಲೆಯೂ ಸವೆಯಿತು. ಕೊಂಬಿಗೆ ಎಷ್ಟೇ ಬಣ್ಣ ಬಳಿದಿರಲಿ, ಕೊರಳಿಗೆ ಎಷ್ಟೇ ಗೆಜ್ಜೆ ಕಟ್ಟಿರಲಿ, ಹಲ್ಲು ಸುಳ್ಳು ಹೇಳುವುದಿಲ್ಲ.

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ರಾಯಚೂರು ಸೀಮೆಯಲ್ಲಿ ಎತ್ತಿನ ಬಂಡಿ ನಿಲ್ಲುತ್ತಿದ್ದ ಅಂಗಳಗಳಲ್ಲಿ ಇಂದು ಸಣ್ಣ ಕಾರುಗಳು ನಿಲ್ಲುತ್ತಿವೆ. ಮಾನ್ವಿ ಕಡೆಯ ಬತ್ತದ ಗದ್ದೆಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂತು. ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆ ಬಂತು. ಬೆಳೆಯ ಹಿಂದೆ ಹಣ, ಹಣದ ಹಿಂದೆ ವಾಹನ. ಆದರೆ ಎತ್ತಿನ ವಿಷಯದಲ್ಲಿ ಇದ್ದ ಜಾಣತನ ಕಾರಿನ ವಿಷಯದಲ್ಲಿ ಅಷ್ಟು ಸುಲಭವಾಗಿ ಕೆಲಸಕ್ಕೆ ಬರುವುದಿಲ್ಲ. 'ಹೊಸ ಕಾರು ತಂದರಂತೆ' ಎಂಬ ಸುದ್ದಿ ಓಣಿಯಲ್ಲಿ ಹಬ್ಬಿದೊಡನೆ ಚರ್ಚೆಯೂ ಶುರುವಾಗುತ್ತದೆ. ಷೋರೂಮಿನಿಂದ ತಂದದ್ದೋ, ಹೈದರಾಬಾದಿನಿಂದ ತಂದದ್ದೋ? ಯಾವ ಮಾಡೆಲ್ಲು? ತಯಾರಾದದ್ದು ಈ ವರ್ಷವೋ, ಹೋದ ವರ್ಷವೋ? ಹೆಸರು ಹೊಸದಾದರೆ ಎಂಜಿನ್ನೂ ಹೊಸದೇ?

ಕೇಳುವುದಕ್ಕೆ ಹರಟೆಯಂತೆ ಕಂಡರೂ ಈ ಪ್ರಶ್ನೆಗಳು ಹರಟೆಯಲ್ಲ. ಕೊಳ್ಳುವ ಬೆಲೆ, ಬ್ಯಾಂಕಿನ ಸಾಲ, ವಿಮೆಯ ಕಂತು, ಸರ್ಕಾರದ ತೆರಿಗೆ, ನಾಳೆ ಮಾರುವಾಗ ಸಿಗುವ ಹಣ ಎಲ್ಲವೂ ಈ ಒಂದು ಪದಕ್ಕೆ ಗಂಟು ಬಿದ್ದಿವೆ. ಅಪಘಾತವಾದಾಗ ಒಳಗೆ ಕುಳಿತವರ ಪ್ರಾಣವೂ ಕೆಲವೊಮ್ಮೆ ಅದನ್ನೇ ಅವಲಂಬಿಸುತ್ತದೆ. 'ಹೊಸದು' ಎಂದರೆ ಯಾವುದು ಎಂಬುದನ್ನು ನಮ್ಮ ದೇಶದಲ್ಲಿ ಯಾರು ಯಾರು, ಯಾವಾಗ ಯಾವಾಗ ನಿರ್ಧರಿಸಿದರು ಎಂದು ನೋಡಿದರೆ ಸಣ್ಣ ಕಾರಿನ ಚರಿತ್ರೆಯೇ ಕಣ್ಣ ಮುಂದೆ ಬರುತ್ತದೆ.

ನಿಜಾಮರ ಕಾರು, ನಮ್ಮ ಅಂಬಾಸಡರ್

ರಾಯಚೂರು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆ ನಿಜಾಮರ ಮನೆಯಲ್ಲಿ ಒಂದು ಹಳದಿ ಬಣ್ಣದ ರೋಲ್ಸ್ ರಾಯ್ಸ್ ಇತ್ತು. ಆರನೆಯ ನಿಜಾಮ ಮೆಹಬೂಬ್ ಅಲಿ ಖಾನ್ ಅದಕ್ಕೆ ಬೇಡಿಕೆ ಸಲ್ಲಿಸಿ, ಅದು ಕೈಸೇರುವ ಮುನ್ನವೇ 1911ರಲ್ಲಿ ತೀರಿಕೊಂಡರು. ಸಿಂಹಾಸನದಂತಹ ಆಸನವಿದ್ದ ಈ 1912ರ ಕಾರು ವಿಶೇಷ ಮೆರವಣಿಗೆಗಳಿಗಷ್ಟೇ ಹೊರಬರುತ್ತಿತ್ತು. ಒಟ್ಟು ಓಡಿದ್ದು ಆರುನೂರು ಕಿಲೋಮೀಟರಿಗಿಂತ ಕಡಿಮೆ. ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ಅದನ್ನು ಪ್ರದರ್ಶನಕ್ಕಿಡಲಾಗಿದೆ. ನೂರು ವರ್ಷ ದಾಟಿದ, ಆದರೆ ರಾಯಚೂರಿನಿಂದ ಬೆಂಗಳೂರಿಗೆ ಒಮ್ಮೆ ಹೋಗಿಬರುವಷ್ಟು ದೂರವೂ ಓಡದ ಈ ಕಾರು ಹಳೆಯದೋ, ಹೊಸದೋ? ವಯಸ್ಸಿನಿಂದ ಅಳೆದರೆ ಒಂದು ಉತ್ತರ, ಓಟದಿಂದ ಅಳೆದರೆ ಇನ್ನೊಂದು.

ಸ್ವಾತಂತ್ರ್ಯ ಬಂದ ಮೇಲೆ ಸಾಮಾನ್ಯರ ಕಣ್ಣಿಗೆ ಬಿದ್ದ ಕಾರುಗಳ ಕಥೆ ಬೇರೆ. ಹಿಂದೂಸ್ಥಾನ್ ಮೋಟಾರ್ಸ್ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಿಸಿದ ಅಂಬಾಸಡರ್, ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಕಾರಿನ ಭಾರತೀಯ ಅವತಾರ. ಬ್ರಿಟನ್ನಿನಲ್ಲಿ ಆ ಮಾದರಿ 1950ರ ದಶಕ ಮುಗಿಯುವ ಹೊತ್ತಿಗೆ ಮೂಲೆ ಸೇರಿತು. ನಮ್ಮಲ್ಲಿ 2014ರವರೆಗೂ 'ಹೊಸ' ಅಂಬಾಸಡರ್ ಕಾರ್ಖಾನೆಯಿಂದ ಹೊರಬರುತ್ತಲೇ ಇತ್ತು. ಮುಂಬಯಿಯ ಪ್ರೀಮಿಯರ್ ಕಂಪನಿ 1964ರಿಂದ ತಯಾರಿಸಿದ ಫಿಯೆಟ್ 1100, 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆದು, ಶತಮಾನದ ಅಂತ್ಯದವರೆಗೂ ಹೆಚ್ಚಿನ ಬದಲಾವಣೆ ಇಲ್ಲದೆ ಉಳಿಯಿತು.

ಲೈಸೆನ್ಸ್ ರಾಜ್ಯದ ಆ ದಿನಗಳಲ್ಲಿ ಯಾವ ಕಂಪನಿ ಎಷ್ಟು ಕಾರು ಮಾಡಬೇಕು ಎಂಬುದನ್ನು ಸರ್ಕಾರ ಹೇಳುತ್ತಿತ್ತು. ಸ್ಪರ್ಧೆ ಇರಲಿಲ್ಲ; ಆದ್ದರಿಂದ ಬದಲಾವಣೆಯ ಅವಸರವೂ ಇರಲಿಲ್ಲ. ಹಣ ಕಟ್ಟಿ ವರ್ಷಗಟ್ಟಲೆ ಕಾದವನಿಗೆ ಬಾಗಿಲಿಗೆ ಬಂದದ್ದೇ ಹೊಸದು. 'ಹೊಸದು' ಎಂದರೆ 'ಯಾರೂ ಓಡಿಸಿಲ್ಲದ್ದು' ಎಂಬುದಷ್ಟೇ ಆಗಿನ ಅರ್ಥ. ಅದನ್ನು ಯಾವಾಗ ಕಲ್ಪಿಸಿ ರೂಪಿಸಿದರು ಎಂಬ ಪ್ರಶ್ನೆ ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಬೆಂಗಳೂರಿನ ಡಾಲ್ಫಿನ್

ಅಂಬಾಸಡರ್ ಮತ್ತು ಫಿಯೆಟ್‌ಗಳಿಗೆ ಹಿಂದೆ ಪ್ರತ್ಯೇಕವಾದ ಡಿಕ್ಕಿ ಇತ್ತು. ಆ ಡಿಕ್ಕಿಯನ್ನು ಕತ್ತರಿಸಿ, ಸಾಮಾನಿಡುವ ಜಾಗವನ್ನು ಹಿಂದಿನ ಸೀಟಿನ ಬೆನ್ನಿಗೇ ಸೇರಿಸಿ, ಗಾಜುಸಹಿತ ಮೇಲಕ್ಕೆತ್ತುವ ಬಾಗಿಲು ಇಟ್ಟರೆ ಅದು ಹ್ಯಾಚ್‌ಬ್ಯಾಕ್. ಕಾರು ಗಿಡ್ಡವಾಗುತ್ತದೆ, ಹಗುರವಾಗುತ್ತದೆ, ಪೆಟ್ರೋಲ್ ಉಳಿಯುತ್ತದೆ. ಹಿಂದಿನ ಸೀಟು ಮಡಚಿದರೆ ಅಕ್ಕಿ ಚೀಲವೂ ಹಿಡಿಯುತ್ತದೆ.

ಇಂತಹ ಕಾರನ್ನು ಭಾರತದಲ್ಲಿ ಮೊದಲು ತಯಾರಿಸಿದವರ ಸಾಲಿನಲ್ಲಿ ಕರ್ನಾಟಕದ ಹೆಸರಿದೆ ಎಂಬುದು ಹಲವರಿಗೆ ಮರೆತುಹೋಗಿದೆ. ಬೆಂಗಳೂರಿನಲ್ಲಿ 1970ರ ದಶಕದಲ್ಲಿ ಆರಂಭವಾದ ಸನ್‌ರೈಸ್ ಆಟೊ ಸಂಸ್ಥೆ ಮೊದಲು 'ಬಾದಲ್' ಎಂಬ ಮೂರು ಚಕ್ರದ ವಾಹನ ತಯಾರಿಸಿತು. ಮುಂದೆ ಸಿಪಾನಿ ಎಂಬ ಹೆಸರಿನಲ್ಲಿ 1982ರಲ್ಲಿ 'ಡಾಲ್ಫಿನ್' ಹೊರತಂದಿತು. ಎರಡು ಬಾಗಿಲು, ಫೈಬರ್ ಗಾಜಿನ ಮೈ, 848 ಸಿ.ಸಿ. ಎಂಜಿನ್. ತಗಡಿನ ಕಾರಿನಂತೆ ಮೈಗೆ ತುಕ್ಕು ಹಿಡಿಯುವ ಭಯವಿಲ್ಲ. ಕಾರು ಹಗುರವಾಗಿದ್ದರಿಂದ ರೇಸುಗಳಲ್ಲೂ ಹೆಸರು ಮಾಡಿತು.

ಆದರೆ ಈ ಹೊಸ ಕಾರು ಎಷ್ಟು ಹೊಸದು? ಅದು ಬ್ರಿಟನ್ನಿನ ರಿಲಯಂಟ್ ಕಂಪನಿಯ 'ಕಿಟನ್' ಕಾರಿನ ನಕ್ಷೆಯಿಂದ ಹುಟ್ಟಿದ್ದು. ಕಿಟನ್ 1975ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂದು 1982ರಲ್ಲಿ ನಿಂತುಹೋಯಿತು. ಅಲ್ಲಿ ಬಾಗಿಲು ಮುಚ್ಚಿದ ವರ್ಷವೇ ಇಲ್ಲಿ ಬಾಗಿಲು ತೆರೆಯಿತು. ಮರುವರ್ಷವೇ ಮಾರುತಿ ಬಂದದ್ದರಿಂದ ಡಾಲ್ಫಿನ್ ಬಹುದಿನ ತಾಳಲಿಲ್ಲ. ನಾಲ್ಕು ಬಾಗಿಲಿನ 'ಮೊಂಟಾನಾ' ಮಾಡಿ ನೋಡಿದರೂ ಸಣ್ಣ ಕಾರ್ಖಾನೆಗೆ ದೊಡ್ಡ ಕಾರ್ಖಾನೆಯ ಬೆಲೆಯೊಡನೆ ಸೆಣಸಲು ಆಗಲಿಲ್ಲ.

ಎಂಟುನೂರರ ಮೂವತ್ತು ವರ್ಷ

1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಕೈಯನ್ನು ಗ್ರಾಹಕರೊಬ್ಬರಿಗೆ ಹಸ್ತಾಂತರಿಸಿದರು. ಸಂಜಯ ಗಾಂಧಿಯವರ ಕೈಗೂಡದ ಸಣ್ಣ ಕಾರು ಯೋಜನೆಯ ಅವಶೇಷವನ್ನು ಸರ್ಕಾರ ವಹಿಸಿಕೊಂಡು, 1982ರಲ್ಲಿ ಜಪಾನಿನ ಸುಜುಕಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡದ್ದರ ಫಲ ಅದು. 796 ಸಿ.ಸಿ., ಮೂರು ಸಿಲಿಂಡರ್, 12 ಇಂಚಿನ ಪುಟ್ಟ ಚಕ್ರಗಳು, ಐವತ್ತು ಸಾವಿರ ರೂಪಾಯಿಯ ಆಸುಪಾಸಿನ ಬೆಲೆ. ಮುಂಗಡ ಹಣ ಕಟ್ಟಿದವರ ಸಂಖ್ಯೆ ಲಕ್ಷ ದಾಟಿತು.

ಸರತಿ ಅಷ್ಟು ಉದ್ದವಿದ್ದ ಕಾಲದಲ್ಲಿ ವಿಚಿತ್ರವೊಂದು ನಡೆಯಿತು. ಸರತಿಯಲ್ಲಿ ಮೊದಲೇ ಕಾರು ಪಡೆದವರು ಅದನ್ನು ಕೊಂಡ ಬೆಲೆಗಿಂತ ಹೆಚ್ಚಿಗೆ ಮಾರಬಹುದಿತ್ತು. ಆಗ ಒಂದು ಕೈ ಬದಲಾದ ಕಾರು ಕಂಪನಿಯ ಹೊಸ ಕಾರಿಗಿಂತ ದುಬಾರಿ! ಹೊಸದಕ್ಕೆ ಹೆಚ್ಚು ಬೆಲೆ, ಹಳೆಯದಕ್ಕೆ ಕಡಿಮೆ ಬೆಲೆ ಎಂಬ ಸಾಮಾನ್ಯ ಲೆಕ್ಕವೂ ಎಲ್ಲ ಕಾಲಕ್ಕೂ ನಿಲ್ಲುವಂಥದ್ದಲ್ಲ.

ಮೊದಲ ಮಾರುತಿ ಜಪಾನಿನ 1979ರ ಮಾದರಿಯನ್ನು ಆಧರಿಸಿತ್ತು. 1986ರಲ್ಲಿ ಹೆಸರು ಅದೇ ಇಟ್ಟುಕೊಂಡು ಮೈಯನ್ನು ಪೂರ್ತಿ ಬದಲಿಸಲಾಯಿತು. ಈ ಎರಡನೆಯ ರೂಪ ಜಪಾನಿನಲ್ಲಿ 1984ರಲ್ಲಿ ಬಂದು 1988ರಲ್ಲಿ ನಿವೃತ್ತಿಯಾಯಿತು. ನಮ್ಮಲ್ಲಿ ಅದೇ ರೂಪ, ಮುಂದಿನ ದೀಪ ಮತ್ತು ಮೂತಿಯ ಸಣ್ಣಪುಟ್ಟ ತಿದ್ದುಪಡಿಗಳೊಂದಿಗೆ, 2014ರ ಜನವರಿ 18ರವರೆಗೆ ತಯಾರಾಯಿತು. ಜಪಾನಿನವರು ನಾಲ್ಕು ವರ್ಷ ಬಳಸಿ ಬಿಟ್ಟದ್ದನ್ನು ನಾವು ಇಪ್ಪತ್ತೆಂಟು ವರ್ಷ ಹೊಸದೆಂದು ಕೊಂಡೆವು.

ಇದನ್ನು ಕೇವಲ ಮೋಸವೆಂದು ಬಗೆಯುವುದು ಸರಿಯಾಗದು. ಹಳೆಯ ಮಾದರಿಗೆ ಹಳೆಯದರದ್ದೇ ಆದ ಅನುಕೂಲಗಳಿದ್ದವು. ಅಚ್ಚು, ಯಂತ್ರಗಳ ಖರ್ಚು ಎಂದೋ ತೀರಿದ್ದರಿಂದ ಕಾರಿನ ಬೆಲೆ ಕೈಗೆಟುಕುವಂತೆ ಉಳಿಯಿತು. ದೊಡ್ಡ ಊರಿನ ಅಧಿಕೃತ ವರ್ಕ್‌ಷಾಪ್ ದೂರವಿದ್ದ ಕಡೆ, ರಸ್ತೆ ಪಕ್ಕದ ಗ್ಯಾರೇಜಿನ ಮೇಸ್ತ್ರಿ ಸ್ಪ್ಯಾನರ್ ಹಿಡಿದು ಕಾರ್ಬುರೇಟರ್ ಬಿಚ್ಚಿ ಸರಿಮಾಡಬಲ್ಲವನಾಗಿದ್ದ. ಬಿಡಿಭಾಗ ಎಲ್ಲ ಕಡೆ ಸಿಗುತ್ತಿತ್ತು. ಎರೆ ಭೂಮಿಯ ಹಾದಿಯಲ್ಲಿ ಗಾಡಿ ಕೆಟ್ಟು ನಿಂತರೆ ಹೊಸ ತಂತ್ರಜ್ಞಾನಕ್ಕಿಂತ ಪರಿಚಿತ ತಂತ್ರಜ್ಞಾನವೇ ಮೇಲು ಎಂಬುದು ಹಳ್ಳಿಯ ಕಡೆ ಓಡಾಡುವವರ ವಾದ. ಆ ವಾದದಲ್ಲಿ ಹುರುಳಿದೆ.

ಹೋಲಿಕೆಯ ಕಾಲ

1993ರಲ್ಲಿ ಕಾರು ಉದ್ಯಮ ಲೈಸೆನ್ಸಿನ ಹಿಡಿತದಿಂದ ಬಿಡುಗಡೆಯಾಯಿತು. ಅದೇ ವರ್ಷ ಮಾರುತಿ 993 ಸಿ.ಸಿ.ಯ ಝೆನ್ ತಂದಿತು. ಆದರೆ ನಿಜವಾದ ಹಣಾಹಣಿ ನಡೆದದ್ದು 1998ರಲ್ಲಿ. ಒಂದೇ ವರ್ಷದಲ್ಲಿ ಹುಂಡೈ ಸ್ಯಾಂಟ್ರೊ, ಡೇವೂ ಮಟೀಝ್ ಮತ್ತು ಟಾಟಾ ಇಂಡಿಕಾ ಕಾಣಿಸಿಕೊಂಡವು. ಮರುವರ್ಷ ವ್ಯಾಗನ್ ಆರ್, 2000ದಲ್ಲಿ ಆಲ್ಟೊ. 'ಯಾವುದು ಸಿಗುತ್ತದೆ' ಎಂಬ ಪ್ರಶ್ನೆ ಹೋಗಿ 'ಯಾವುದು ಮೇಲು' ಎಂಬ ಪ್ರಶ್ನೆ ಬಂತು.

ಉದ್ದದಲ್ಲಿ ಝೆನ್, ಸ್ಯಾಂಟ್ರೊ, ಮಟೀಝ್, ಆಲ್ಟೊ ಎಲ್ಲವೂ ಮೂರೂವರೆ ಮೀಟರಿನ ಆಸುಪಾಸು. ಎತ್ತರದಲ್ಲಿ ಸ್ಯಾಂಟ್ರೊ ಮತ್ತು ವ್ಯಾಗನ್ ಆರ್ ಮೇಲು. ಪೇಟ, ರುಮಾಲು ಸುತ್ತಿದ ಹಿರಿಯರು ತಲೆ ಬಗ್ಗಿಸದೆ ಕೂರಬಹುದಿತ್ತು. ಮೈಮಾಟದಲ್ಲಿ ಮಟೀಝ್‌ಗೆ ಇಟಲಿಯ ಜ್ಯೂಜಾರೊ ಅವರ ಸಂಸ್ಥೆಯ ಕೈಚಳಕವಿತ್ತು. ಅದರ ಮೂಲ ಕಲ್ಪನೆಯನ್ನು 1990ರ ದಶಕದ ಆರಂಭದಲ್ಲಿ ಆ ಸಂಸ್ಥೆ ಫಿಯೆಟ್‌ಗಾಗಿ ರೂಪಿಸಿತ್ತು; ಫಿಯೆಟ್ ಕೈಬಿಟ್ಟದ್ದನ್ನು ಡೇವೂ ಎತ್ತಿಕೊಂಡಿತು. ಇಂಡಿಕಾಗೆ ಇದ್ದ ದೊಡ್ಡ ಬಲ 1.4 ಲೀಟರ್ ಡೀಸೆಲ್ ಎಂಜಿನ್. ಡೀಸೆಲ್ ಬೆಲೆ ಪೆಟ್ರೋಲಿಗಿಂತ ಬಹಳ ಕಡಿಮೆ ಇದ್ದ ಆ ದಿನಗಳಲ್ಲಿ ದಿನವೂ ತಾಲ್ಲೂಕು ಕೇಂದ್ರದಿಂದ ಜಿಲ್ಲಾ ಕೇಂದ್ರಕ್ಕೆ ಓಡಾಡುವವರಿಗೆ, ಟ್ಯಾಕ್ಸಿ ಇಟ್ಟವರಿಗೆ ಅದು ಲೆಕ್ಕಕ್ಕೆ ಹೊಂದಿತು.

ಇಂಡಿಕಾ ಭಾರತೀಯರು ಸ್ವಂತವಾಗಿ ಕಲ್ಪಿಸಿ ತಯಾರಿಸಿದ ಕಾರು ಎಂದು ಹೆಸರಾಯಿತು. ಅದರ ಹೊರಮೈಯ ವಿನ್ಯಾಸದಲ್ಲಿ ಇಟಲಿಯ ಟ್ಯೂರಿನ್ ನಗರದ ಸಂಸ್ಥೆಯೊಂದರ ಪಾಲಿತ್ತು. ತಯಾರಿಕೆಗೆ ಬಳಸಿದ ಯಂತ್ರಸ್ಥಾವರ ನಿಸಾನ್ ಕಂಪನಿ ಆಸ್ಟ್ರೇಲಿಯಾದಲ್ಲಿ ಮುಚ್ಚಿದ ಕಾರ್ಖಾನೆಯಿಂದ ಪುಣೆಗೆ ಬಂದದ್ದು. ಹಳೆಯ ಯಂತ್ರದಿಂದ ಹುಟ್ಟಿದ ಹೊಸ ಕಾರು ಅದು. ಆಲ್ಟೊದ್ದು ಇದಕ್ಕೆ ತಿರುವು ಮುರುವು: ಮೈ ಹೊಸದು, ಆದರೆ ಒಳಗೆ ಮಾರುತಿ 800ರ ವಂಶದ ಅದೇ 796 ಸಿ.ಸಿ. ಎಂಜಿನ್.

ಹೆಸರಿನ ಆಟ

ಸ್ಪರ್ಧೆ ಹೆಚ್ಚಿದಂತೆ 'ಹೊಸ' ಎಂಬ ಪದ ಕಂಪನಿಗಳ ಜಾಹೀರಾತಿನ ಮುಖ್ಯ ಸರಕಾಯಿತು. ಅದರ ಬಳಕೆಯನ್ನು ಗಮನಿಸಿದರೆ ನಾಲ್ಕು ಬಗೆಗಳು ಕಾಣುತ್ತವೆ.

ಮೊದಲನೆಯದು, ಹೆಸರು ಹಳೆಯದು, ಕಾರು ಹೊಸದು. 1986ರ ಮಾರುತಿ 800 ಇದಕ್ಕೆ ಉದಾಹರಣೆ. 2018ರ ಅಕ್ಟೋಬರಿನಲ್ಲಿ ಮರಳಿ ಬಂದ ಸ್ಯಾಂಟ್ರೊ ಕೂಡ ಹಾಗೆಯೇ. ಹಿಂದಿನ ಸ್ಯಾಂಟ್ರೊದ ಬಗೆಗೆ ಜನರಿಗಿದ್ದ ಪ್ರೀತಿಯನ್ನು ಬೇರೊಂದು ಕಾರಿಗೆ ವರ್ಗಾಯಿಸುವ ಪ್ರಯತ್ನ ಅದು.

ಎರಡನೆಯದು, ಹೆಸರನ್ನು ತೆಗೆದು ಸಂಬಂಧವಿಲ್ಲದ ಕಾರಿಗೆ ಅಂಟಿಸುವುದು. 2006ರಲ್ಲಿ ತಗ್ಗಾದ, ಚುರುಕಾದ ಝೆನ್ ನಿಂತಿತು. ಅದೇ ವರ್ಷ ಎತ್ತರದ ಮೈಯ, ವ್ಯಾಗನ್ ಆರ್‌ನ ಬಂಧುವಿನಂತಿದ್ದ 'ಝೆನ್ ಎಸ್ಟಿಲೊ' ಬಂತು. ಝೆನ್ ಅಭಿಮಾನಿಗಳು ಅದರಲ್ಲಿ ಝೆನ್ ಎಲ್ಲಿದೆ ಎಂದು ಹುಡುಕಬೇಕಾಯಿತು.

ಮೂರನೆಯದು, ಕಾರಿನ ವಂಶ ಅದೇ, ಮನೆತನ ಬೇರೆ. ಕೊರಿಯಾದ ಡೇವೂ ದಿವಾಳಿಯಾಗಿ ಅಮೆರಿಕದ ಜನರಲ್ ಮೋಟಾರ್ಸ್ ವಶಕ್ಕೆ ಹೋದ ಮೇಲೆ ಮಟೀಝ್‌ನ ಮುಂದಿನ ರೂಪವೇ 2007ರಲ್ಲಿ ಭಾರತಕ್ಕೆ 'ಷೆವರ್ಲೆ ಸ್ಪಾರ್ಕ್' ಆಗಿ ಬಂತು. 2017ರ ಕೊನೆಗೆ ಜನರಲ್ ಮೋಟಾರ್ಸ್ ಭಾರತದಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು. ಷೋರೂಮಿನಲ್ಲಿ ಹೊಸದಾಗಿದ್ದ ಕಾರು ಕಂಪನಿ ಹೊರಟ ಮರುದಿನವೇ ಮಾರುಕಟ್ಟೆಯಲ್ಲಿ ಹಳೆಯದಾಗುತ್ತದೆ ಎಂಬ ಪಾಠ ಇದರಲ್ಲಿದೆ.

ನಾಲ್ಕನೆಯದು, ಒಂದೇ ಕಾರಿಗೆ ಏಕಕಾಲಕ್ಕೆ ಎರಡು ಹೆಸರು. 2019ರಲ್ಲಿ ಟೊಯೊಟಾ ಬಿಡುಗಡೆ ಮಾಡಿದ ಗ್ಲಾಂಝಾ ಮೂಲತಃ ಮಾರುತಿ ಬಲೆನೊ. ಲಾಂಛನ ಬೇರೆ, ವಾರಂಟಿ ಬೇರೆ, ಕಾರು ಒಂದೇ.

ಇವುಗಳ ನಡುವೆ ಟಾಟಾ ನ್ಯಾನೊದ ಸ್ಥಾನ ವಿಶಿಷ್ಟ. 2008ರ ಜನವರಿ 10ರಂದು ಅನಾವರಣಗೊಂಡ ಇದು ಯಾರ ಹಳೆಯ ನಕ್ಷೆಯನ್ನೂ ತಿದ್ದಿ ಮಾಡಿದ್ದಲ್ಲ. 624 ಸಿ.ಸಿ.ಯ ಎರಡು ಸಿಲಿಂಡರಿನ ಎಂಜಿನ್ ಹಿಂದೆ, ಸಾಮಾನಿನ ಜಾಗ ಅದರ ಮೇಲೆ. ನೋಡಲು ಹ್ಯಾಚ್‌ಬ್ಯಾಕ್, ಆದರೆ ಮೊದಲ ನ್ಯಾನೊಗಳ ಹಿಂಬಾಗಿಲು ತೆರೆಯುತ್ತಲೇ ಇರಲಿಲ್ಲ. ತೆರೆಯುವ ಹಿಂಬಾಗಿಲು ಬಂದದ್ದು 2015ರಲ್ಲಿ. ನಿಜಕ್ಕೂ ಹೊಸದಾಗಿದ್ದ ಈ ಕಾರನ್ನು ಜನ ಹೆಚ್ಚಾಗಿ ಒಪ್ಪಲಿಲ್ಲ. 2018ರಲ್ಲಿ ಅದರ ತಯಾರಿಕೆ ನಿಂತಿತು. 'ಅಗ್ಗದ ಕಾರು' ಎಂಬ ಹಣೆಪಟ್ಟಿ ಅದಕ್ಕೆ ಮುಳುವಾಯಿತು. ಕಾರು ಕೊಳ್ಳುವವರಿಗೆ ಬೇಕಿದ್ದದ್ದು ಕೇವಲ ಹೊಸತಲ್ಲ, ನಾಲ್ಕು ಜನರ ಮುಂದೆ ಮರ್ಯಾದೆ ಕೂಡ.

ರಾಯಚೂರಿನಲ್ಲಿ ಹೊಸದು, ಸೊಲ್ಲಾಪುರದಲ್ಲಿ ಹಳೆಯದು

ಹೆಸರಿನ ಆಟ ಕಂಪನಿಗಳದ್ದು. ಆದರೆ ಸರ್ಕಾರವೂ ಹೊಸದು ಹಳೆಯದನ್ನು ನಿರ್ಧರಿಸಿದ ಪ್ರಸಂಗಗಳಿವೆ. ರಾಯಚೂರು ಜಿಲ್ಲೆಯ ಪಾಲಿಗೆ ಅವು ಹೆಚ್ಚು ಮಹತ್ವದವು.

2010ರ ಏಪ್ರಿಲ್ 1ರಂದು ದೇಶದ 13 ನಗರಗಳಲ್ಲಿ ಹೊಗೆಯ ನಿಯಂತ್ರಣಕ್ಕೆ ಭಾರತ್ ಹಂತ 4ರ ನಿಯಮ ಜಾರಿಯಾಯಿತು. ಉಳಿದ ದೇಶಕ್ಕೆ ಆ ವರ್ಷ ಹಂತ ಹಂತವಾಗಿ ಬಂದದ್ದು ಒಂದು ಮೆಟ್ಟಿಲು ಕೆಳಗಿನ ಭಾರತ್ ಹಂತ 3. ಆ 13 ನಗರಗಳ ಪಟ್ಟಿಯಲ್ಲಿ ಬೆಂಗಳೂರು, ಹೈದರಾಬಾದು, ಸೊಲ್ಲಾಪುರ ಮೂರೂ ಇದ್ದವು. ಮಾರುತಿ 800ನ್ನು ಹೊಸ ನಿಯಮಕ್ಕೆ ಹೊಂದಿಸದಿರಲು ಕಂಪನಿ ತೀರ್ಮಾನಿಸಿದ್ದರಿಂದ ಆ ನಗರಗಳಲ್ಲಿ ಅದರ ಮಾರಾಟ ನಿಂತಿತು. ಉಳಿದೆಡೆ ಮುಂದುವರಿಯಿತು.

ಭೂಪಟವನ್ನು ತೆರೆದು ನೋಡಿದರೆ ಸ್ವಾರಸ್ಯ ತಿಳಿಯುತ್ತದೆ. ರಾಯಚೂರಿನಿಂದ ಈಶಾನ್ಯಕ್ಕೆ ಇನ್ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಹೈದರಾಬಾದು. ವಾಯವ್ಯಕ್ಕೆ ಮುಂಬಯಿ ರೈಲಿನ ಹಾದಿಯಲ್ಲಿ ಸೊಲ್ಲಾಪುರ. ದಕ್ಷಿಣಕ್ಕೆ ನಾನೂರು ಕಿಲೋಮೀಟರು ದಾಟಿದರೆ ಬೆಂಗಳೂರು. ಮೂರು ದಿಕ್ಕಿನ ಮೂರು ನಗರಗಳಲ್ಲೂ ಕಾಲ ಮುಗಿದ ಕಾರು, ನಡುವಿನ ರಾಯಚೂರು, ಮಾನ್ವಿ, ದೇವದುರ್ಗಗಳಲ್ಲಿ ಇನ್ನೂ ಹೊಸದು! ಅದೇ ಕಾರ್ಖಾನೆ, ಅದೇ ವಾರದ ತಯಾರಿ. ಒಂದು ಊರಿನ ಕಾನೂನಿಗೆ ಅದು ಕೊಳಕು. ಇನ್ನೊಂದು ಊರಿನ ಕಾನೂನಿಗೆ ಅದು ಶುದ್ಧ.

ಇದಕ್ಕೆ ಕಾರಣ ಇಂಧನ. ಹಂತ 4ರ ಪೆಟ್ರೋಲಿನಲ್ಲಿ ಗಂಧಕದ ಅಂಶ ಹತ್ತು ಲಕ್ಷದಲ್ಲಿ 50 ಭಾಗ ಮೀರುವಂತಿರಲಿಲ್ಲ. ಹಂತ 3ರಲ್ಲಿ 150 ಭಾಗದವರೆಗೆ ಅವಕಾಶವಿತ್ತು. ಡೀಸೆಲಿನಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು, 50 ಮತ್ತು 350. ಶುದ್ಧ ಇಂಧನವನ್ನು ಒಮ್ಮೆಗೇ ದೇಶಕ್ಕೆಲ್ಲ ಒದಗಿಸಲು ತೈಲ ಶುದ್ಧೀಕರಣಾಗಾರಗಳು ಸಿದ್ಧವಿರಲಿಲ್ಲ. ವಾಹನದಟ್ಟಣೆ ಇರುವ ನಗರಗಳಿಗೆ ಮೊದಲು, ಉಳಿದವರಿಗೆ ಆಮೇಲೆ ಎಂಬ ಕ್ರಮಕ್ಕೆ ಆಡಳಿತದ ತರ್ಕವಿತ್ತು. ಆದರೆ ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲಲ್ಲಿ, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ಕಲ್ಲಿದ್ದಲು ಉರಿಸಿ ರಾಜ್ಯಕ್ಕೆಲ್ಲ ವಿದ್ಯುತ್ ಕೊಡುವ ಜಿಲ್ಲೆಯಲ್ಲಿ, ಉಸಿರಾಡುವ ಜನರಿಗೆ ಎರಡನೆಯ ದರ್ಜೆಯ ಗಾಳಿ ಸಾಕೆ ಎಂಬ ಪ್ರಶ್ನೆಗೆ ಆ ತರ್ಕದಲ್ಲಿ ಉತ್ತರವಿರಲಿಲ್ಲ.

ಹಂತ 4 ದೇಶಕ್ಕೆಲ್ಲ ಅನ್ವಯವಾದದ್ದು ಏಳು ವರ್ಷಗಳ ನಂತರ. 2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟ್, ಏಪ್ರಿಲ್ 1ರಿಂದ ಹಂತ 3ರ ವಾಹನಗಳನ್ನು ಮಾರುವಂತಿಲ್ಲ, ನೋಂದಾಯಿಸುವಂತಿಲ್ಲ ಎಂದಿತು. ಆಗ ಕಂಪನಿಗಳ ಬಳಿ ಎಂಟು ಲಕ್ಷಕ್ಕೂ ಹೆಚ್ಚು ಅಂತಹ ವಾಹನಗಳಿದ್ದವು. ಬಹುಪಾಲು ದ್ವಿಚಕ್ರ ವಾಹನಗಳು. ಒಂದು ಕಿಲೋಮೀಟರೂ ಓಡದ ಅವು ಎರಡು ದಿನ ಕಳೆದರೆ ಗುಜರಿ ಎಂಬಂತಾಯಿತು. ಮಾರ್ಚ್ ಕೊನೆಯ ಆ ಎರಡು ದಿನ ದೇಶದಾದ್ಯಂತ ಭಾರಿ ರಿಯಾಯಿತಿಗೆ ಜನ ಮುಗಿಬಿದ್ದರು. 2020ರ ಏಪ್ರಿಲ್ 1ರಂದು ಹಂತ 5ನ್ನು ಹಾರಿ ನೇರವಾಗಿ ಹಂತ 6 ಬಂತು. ಈ ಬಾರಿ ಬೆಂಗಳೂರು, ರಾಯಚೂರು ಎಂಬ ಭೇದ ಇರಲಿಲ್ಲ.

ಹೊಸ ಕಾರು, ಹಳೆಯ ಮಾದರಿ

ಇನ್ನೂ ಗಂಭೀರವಾದ ಮಾತು ಸುರಕ್ಷತೆಯದು. ಮಾರುತಿ 800ರ ತಯಾರಿಕೆ ನಿಂತ 2014ರ ಜನವರಿಯಲ್ಲೇ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಸಣ್ಣ ಕಾರುಗಳನ್ನು ಗೋಡೆಗೆ ಡಿಕ್ಕಿ ಹೊಡೆಸಿ ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿತು. ಆಲ್ಟೊ 800, ನ್ಯಾನೊ, ಐ10, ಫಿಗೊ, ಪೊಲೊ. ಪರೀಕ್ಷಿಸಿದ ಕಾರುಗಳಲ್ಲಿ ಗಾಳಿಚೀಲ ಇರಲಿಲ್ಲ. ವಯಸ್ಕರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ ನಕ್ಷತ್ರ.

ಆ ಬಳಿಕ ಸರ್ಕಾರ ನಿಯಮಗಳನ್ನು ಬಿಗಿಗೊಳಿಸಿತು. ಆದರೆ ನಿಯಮದ ಭಾಷೆಯನ್ನು ಗಮನಿಸಬೇಕು. ಡಿಕ್ಕಿ ಪರೀಕ್ಷೆ 'ಹೊಸ ಮಾದರಿ'ಗಳಿಗೆ 2017ರ ಅಕ್ಟೋಬರ್ 1ರಿಂದ ಕಡ್ಡಾಯ. 'ಈಗಾಗಲೇ ಇರುವ ಮಾದರಿ'ಗಳಿಗೆ 2019ರ ಅಕ್ಟೋಬರ್ 1ರಿಂದ. ಚಾಲಕನ ಪಕ್ಕದವರ ಗಾಳಿಚೀಲಕ್ಕೂ ಹೀಗೆಯೇ 2021ರಲ್ಲಿ ಎರಡು ಗಡುವು, ಹೊಸ ಮಾದರಿಗೆ ಏಪ್ರಿಲ್, ಹಳೆಯ ಮಾದರಿಗೆ ವರ್ಷಾಂತ್ಯ. ಅಂದರೆ, ಆ ನಡುವಿನ ಅವಧಿಯಲ್ಲಿ ಒಂದೇ ದಿನ, ಒಂದೇ ಬೀದಿಯ ಎರಡು ಷೋರೂಮುಗಳಿಂದ ಹೊರಟ ಎರಡು ಹೊಚ್ಚಹೊಸ ಕಾರುಗಳಿಗೆ ಕಾನೂನು ಬೇರೆ ಬೇರೆ. ಕೊಂಡವನ ಕಣ್ಣಿಗೆ ಎರಡೂ ಹೊಸವು. ಕಾನೂನಿನ ಕಣ್ಣಿಗೆ ಒಂದು ಹೊಸದು, ಒಂದು ಹಳೆಯದು. ತಯಾರಕರಿಗೆ ಸಮಯ ಬೇಕು ಎಂಬುದು ನಿಜ. ಆದರೆ ಆ ಸಮಯದ ಬೆಲೆಯನ್ನು ತೆರುವವನಿಗೆ ತಾನು ಕೊಂಡದ್ದು 'ಹಳೆಯ ಮಾದರಿಯ ಹೊಸ ಕಾರು' ಎಂದು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ.

ತೆರಿಗೆ ಇಲಾಖೆಯ ಅಳತೆಗೋಲು ಇನ್ನೊಂದು. ಅದಕ್ಕೆ ಹೊಸತನಕ್ಕಿಂತ ಉದ್ದ ಮುಖ್ಯ. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರ್ ಒಳಗಿನ, ಸಣ್ಣ ಎಂಜಿನ್ನಿನ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿದಂದಿನಿಂದ 'ಸಣ್ಣ ಕಾರು' ಎಂಬುದು ಟೇಪು ಹಿಡಿದು ನಿರ್ಧರಿಸುವ ವಸ್ತುವಾಯಿತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿ.ಎಸ್.ಟಿ. ಶೇ 18ಕ್ಕೆ ಇಳಿಯಿತು. ನೋಂದಾಯಿತ ವ್ಯಾಪಾರಿಗಳು ಮಾರುವ ಬಳಸಿದ ಕಾರಿನ ಲಾಭಾಂಶದ ಮೇಲೂ 2024ರ ಡಿಸೆಂಬರಿನಲ್ಲಿ ಜಿ.ಎಸ್.ಟಿ. ಮಂಡಳಿ ಒಪ್ಪಿದ ದರ ಶೇ 18. ದರದ ಮಟ್ಟಿಗೆ ಹೊಸತೂ ಹಳತೂ ಒಂದಾದವು!

ಕೈ ಬದಲಾದ ಗಾಡಿ

ಗಡಿ ಜಿಲ್ಲೆಯಲ್ಲಿ ಕಾರಿನ ಮಾತು ಬಂದಾಗ 'ಪಾಸಿಂಗ್ ಎಲ್ಲಿಯದು' ಎಂಬ ಪ್ರಶ್ನೆ ತಪ್ಪುವುದಿಲ್ಲ. ಪಾಸಿಂಗ್ ಎಂದರೆ ನೋಂದಣಿ. ಕೆಎ-36 ಎಂದರೆ ರಾಯಚೂರಿನದು. 2014ರ ಜೂನ್ 2ರಂದು ತೆಲಂಗಾಣ ಬೇರೆಯಾದರೂ ಅದಕ್ಕೆ ಮೊದಲು ಹೈದರಾಬಾದಿನಲ್ಲಿ ನೋಂದಣಿಯಾದ ಕಾರುಗಳು ಎಪಿ ಫಲಕವನ್ನೇ ಹೊತ್ತಿವೆ. ಆ ಎರಡು ಅಕ್ಷರವೂ ಕಾರಿನ ವಯಸ್ಸಿನ ಗುರುತು.

ನೆರೆರಾಜ್ಯದ ಕಾರು ಅಗ್ಗವೆಂದು ತಂದವರಿಗೆ ಮೋಟಾರು ವಾಹನ ಕಾಯ್ದೆಯ ಅರಿವು ಅಗತ್ಯ. ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ಹೊಸ ಸಂಖ್ಯೆ ಪಡೆಯಬೇಕು. ಅದಕ್ಕೆ ಅಲ್ಲಿಯ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಇಲ್ಲಿಯ ಜೀವಾವಧಿ ತೆರಿಗೆ ಕಟ್ಟಬೇಕು. ಇವನ್ನೆಲ್ಲ ಕೂಡಿಸಿದಾಗ ಅಗ್ಗದ ಕಾರು ಅಗ್ಗವಾಗಿ ಉಳಿಯದಿರಬಹುದು. ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. 2022ರ ಏಪ್ರಿಲ್‌ನಿಂದ ಅದರ ನವೀಕರಣದ ಶುಲ್ಕವನ್ನು 600 ರೂಪಾಯಿಯಿಂದ 5,000ಕ್ಕೆ ಏರಿಸಲಾಯಿತು.

ಇಷ್ಟಾದರೂ ಹಳೆಯ ಕಾರನ್ನು ಕೀಳಾಗಿ ಕಾಣಬೇಕಿಲ್ಲ. ಬೈಕಿನ ಮೇಲೆ ನಾಲ್ವರು ಕೂತು ಹೋಗುತ್ತಿದ್ದ ಮನೆಗೆ ಹತ್ತು ವರ್ಷದ ಆಲ್ಟೊ ಬಂದರೆ ಆ ಮನೆಯ ಮಟ್ಟಿಗೆ ಅದು ಹೊಸದೇ. ಮಳೆಯಲ್ಲಿ ನೆನೆಯದೆ ಮಗುವನ್ನು ಆಸ್ಪತ್ರೆಗೆ ಒಯ್ಯಬಹುದಾದದ್ದು ಆ ಮನೆಗೆ ಬಂದ ಹೊಸ ಅನುಕೂಲ.

ಬ್ಯಾಟರಿಯ ವಯಸ್ಸು

ಈ ಚರ್ಚೆಗೆ ಈಗ ಮತ್ತೊಂದು ತಿರುವು ಸಿಕ್ಕಿದೆ. ವಿದ್ಯುತ್ ಕಾರಿನಲ್ಲೂ ಕರ್ನಾಟಕ ಮುಂದೆ ಹೆಜ್ಜೆ ಇಟ್ಟ ರಾಜ್ಯ. ಬೆಂಗಳೂರಿನಲ್ಲಿ ಚೇತನ್ ಮೈನಿ ಮತ್ತು ಸಂಗಡಿಗರು ರೂಪಿಸಿದ ಎರಡು ಬಾಗಿಲಿನ 'ರೇವಾ' 2001ರಲ್ಲಿ ಮಾರುಕಟ್ಟೆಗೆ ಬಂತು. ಲಂಡನ್ನಿನ ಬೀದಿಗಳಲ್ಲೂ ಓಡಿತು. ಒಮ್ಮೆ ಚಾರ್ಜ್ ಮಾಡಿದರೆ 80 ಕಿಲೋಮೀಟರ್. ಅದು ನಗರಕ್ಕೆ ಸಾಕು. ರಾಯಚೂರಿನಿಂದ ಮಾನ್ವಿಗೆ ಸುಮಾರು 45 ಕಿಲೋಮೀಟರ್, ಹೋಗಬಹುದಿತ್ತು, ಬರುವುದು ಕಷ್ಟವಿತ್ತು. 2022ರಲ್ಲಿ ಬಂದ ಟಿಯಾಗೊ ವಿದ್ಯುತ್ ಕಾರಿನ ಕಾಲಕ್ಕೆ ಆ ದೂರದ ಭಯ ಬಹುಮಟ್ಟಿಗೆ ಕಡಿಮೆಯಾಗಿದೆ. ಆದರೆ ಬಳಸಿದ ವಿದ್ಯುತ್ ಕಾರನ್ನು ಕೊಳ್ಳುವಾಗ ಓಡಿದ ಕಿಲೋಮೀಟರು ಕೇಳಿದರೆ ಸಾಲದು. ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಉಳಿದಿದೆ ಎಂಬುದೇ ಮುಖ್ಯ. ಅದು ಹೊರಗಿನಿಂದ ಕಾಣದ ಹಲ್ಲು.

ಕಾಣುವ ಹಲ್ಲುಗಳೂ ಕಾರಿನಲ್ಲಿವೆ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. 1422 ಎಂದಿದ್ದರೆ ಅದು 2022ರ 14ನೆಯ ವಾರ ತಯಾರಾದ ಟೈರು. ನೋಂದಣಿ ಪತ್ರದಲ್ಲಿ ನೋಂದಣಿಯ ದಿನಾಂಕ ಬೇರೆ, ತಯಾರಾದ ತಿಂಗಳು ವರ್ಷ ಬೇರೆ ನಮೂದಾಗಿರುತ್ತದೆ. ಎಷ್ಟನೆಯ ಮಾಲೀಕ, ಹೊಗೆಯ ಯಾವ ಹಂತ ಎಂಬುದೂ ಅಲ್ಲೇ ಸಿಗುತ್ತದೆ. ಡಿಸೆಂಬರಿನಲ್ಲಿ ರಿಯಾಯಿತಿ ಏಕೆ ಸಿಗುತ್ತದೆ ಎಂಬುದಕ್ಕೆ ಉತ್ತರವೂ ಅದೇ ಪತ್ರದಲ್ಲಿದೆ: ಇನ್ನೊಂದು ವಾರ ಕಳೆದರೆ ಅದು 'ಹೋದ ವರ್ಷದ' ಕಾರು.

ಆಯುಧ ಪೂಜೆಯ ದಿನ ರಾಯಚೂರಿನ ಬೀದಿಗಳಲ್ಲಿ ಎಲ್ಲ ವಾಹನಗಳೂ ಮೈತೊಳೆದು ನಿಲ್ಲುತ್ತವೆ. ಬಾಳೆಕಂದು, ಚೆಂಡುಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಇಪ್ಪತ್ತು ವರ್ಷದ ಮಾರುತಿಗೂ ನಿನ್ನೆ ಬಂದ ಕಾರಿಗೂ ಒಂದೇ ಕುಂಬಳಕಾಯಿ, ಒಂದೇ ಕುಂಕುಮ. ಪೂಜೆಗೆ ಹೊಸದು ಹಳೆಯದೆಂಬ ಭೇದವಿಲ್ಲ. ಆದರೆ ಪೂಜೆ ಮುಗಿದ ಮೇಲೆ ರಸ್ತೆಗಿಳಿಯಲೇಬೇಕು. ಕಾರಖಾನೆಯವರ 'ಹೊಸ', ಸರ್ಕಾರದ 'ಹೊಸ', ಓಣಿಯವರ 'ಹೊಸ' ಮೂರೂ ಬೇರೆ ಬೇರೆ ಎಂದು ತಿಳಿದವನು, ಹಾರ ತೆಗೆದಿಟ್ಟು ಹಲ್ಲು ಎಣಿಸುತ್ತಾನೆ. ಎತ್ತು ಕೊಳ್ಳುವಾಗ ಅವನ ಅಜ್ಜ ಮಾಡಿದ್ದೂ ಅದನ್ನೇ.